ಹರಿಗೋಲಿನ ನಡುವಿನ ಜಾಗ

ಗುರುಗಳ ತೋಳನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಮಠದ ಮೆಟ್ಟಿಲ ಬುಡದವರೆಗೆ ಕರೆತಂದ ಶಿಷ್ಯ ಕೇಳಿದ: "ಗುರುಗಳೇ, ಮುಪ್ಪು ಮೊದಲು ಬರುವುದು ಎಲ್ಲಿಗೆ? ಕೂದಲಿಗೋ, ಮಂಡಿಗೋ?"

ಗುರುಗಳು ಅಲ್ಲೇ ನಿಂತು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಮೀಸೆ ಬರುವ ಮೊದಲೇ ಹುಟ್ಟು ಹಿಡಿದವನು, ಮೀಸೆ ಬೆಳ್ಳಗಾದರೂ ಬಿಟ್ಟಿರಲಿಲ್ಲ. ಅವನ ಹೊಳೆಯಲ್ಲಿ ಒಂದು ಪದ್ಧತಿ. ಹರಿಗೋಲಿನ ಅಂಚಿಗೆ ಗಟ್ಟಿಗರು ಕೂರಬೇಕು. ನಡುವೆ ಮುದುಕರು, ಕೂಸುಗಳು, ಕೋಳಿಗಳು.

ಒಂದು ಬೆಳಿಗ್ಗೆ ಅವನು ಮಂಡಿ ಉಜ್ಜಿಕೊಳ್ಳುವುದನ್ನು ಮಗ ನೋಡಿದ. ಹುಟ್ಟು ಕಸಿದುಕೊಂಡ.

"ಸಾಕಪ್ಪಾ. ಇನ್ಮೇಲೆ ನೀನು ನಡುವೆ ಕೂತ್ಕೋ."

ಅಂಬಿಗ ಕೋಳಿಗಳ ಪಕ್ಕ ಕೂತ. ಮೊದಲ ದಿನ ಹಾಯೆನಿಸಿತು. ಆಮೇಲೆ ಒಂದು ಸೋಜಿಗ ನಡೆಯಿತು. ಹೊಳೆ ದಿನದಿನಕ್ಕೂ ಅಗಲವಾಗುತ್ತ ಹೋಯಿತು. ಗಂಜಿಯ ಬಟ್ಟಲು ಭಾರವಾಯಿತು. ದಡ ಬಂದರೆ ಮಗ ಒಂದು ರಟ್ಟೆ, ಸೊಸೆ ಒಂದು ರಟ್ಟೆ ಹಿಡಿದು ಎತ್ತಬೇಕಾಯಿತು. ಕೋಳಿಗಳಾದರೂ ತಾವೇ ಹಾರಿ ಇಳಿಯುತ್ತಿದ್ದವು. ಅಂಬಿಗ ತನ್ನೊಳಗೇ ಯೋಚಿಸಿದ: ಮಂಡಿಯೂ ಅದೇ, ಹೊಳೆಯೂ ಅದೇ, ಹಾಗಾದರೆ ಬದಲಾದದ್ದು ಯಾವುದು?

ಒಂದು ದಿನ ಅವನದೇ ಊರಿನ ಗೂನುಬೆನ್ನಿನ ಅಜ್ಜಿಯೊಬ್ಬಳು ಕಂಕುಳಲ್ಲಿ ಹುಂಜ ಇರುಕಿಕೊಂಡು ಹರಿಗೋಲು ಹತ್ತಿದಳು. ನಡುವೆ ಜಾಗವಿರಲಿಲ್ಲ. ಅಂಬಿಗನನ್ನು ಮೇಲಿಂದ ಕೆಳಗೆ ನೋಡಿದಳು.

"ಏಳೋ ಹುಡುಗಾ! ಮುದುಕರ ಜಾಗದಲ್ಲಿ ಕೂರೋಕೆ ನಾಚಿಕೆ ಆಗಲ್ವಾ?"

"ನನಗೂ ವಯಸ್ಸಾಯ್ತು ಕಣಜ್ಜಿ."

"ನಿನ್ನ ತೊಟ್ಟಿಲು ತೂಗಿದವಳು ಕಣೋ ನಾನು. ನನ್ನ ಮುಂದೆ ವಯಸ್ಸಿನ ಮಾತಾಡ್ತೀಯಾ? ಏಳೇಳು!"

ಹರಿಗೋಲೆಲ್ಲ ನಕ್ಕಿತು. ಅಂಬಿಗ ನಾಚಿ ದಡಕ್ಕನೆ ಎದ್ದ. ಯಾರೂ ರಟ್ಟೆ ಹಿಡಿದಿರಲಿಲ್ಲ. ಉಳಿದಿದ್ದ ಜಾಗ ಅಂಚಿನಲ್ಲಿ, ಇನ್ನೊಂದು ಹುಟ್ಟಿನ ಪಕ್ಕ. ಹೋಗಿ ಕೂತ. ಅಲ್ಲಿ ಕೂತ ಅಂಬಿಗನ ಕೈ ಸುಮ್ಮನಿರುತ್ತದೆಯೇ? ಅಂದು ಹೊಳೆ ಮೊದಲಿನಷ್ಟೇ ಅಗಲವಿತ್ತು.

ಶಿಷ್ಯ ಬಿಡಲಿಲ್ಲ. "ಮತ್ತೆ ಮಂಡಿನೋವು?"

"ಅದೆಲ್ಲಿಗೆ ಹೋಗುತ್ತದೆ? ಅದನ್ನೂ ಕೂರಿಸಿಕೊಂಡೇ ಹೊಳೆ ದಾಟಿದ."

ಶಿಷ್ಯ ಕಿಸಕ್ಕನೆ ನಕ್ಕ. "ಆ ಮಗ ಎಂಥ ಪೆದ್ದ, ಗುರುಗಳೇ! ಪ್ರೀತಿಯಿಂದಲೇ ಅಪ್ಪನನ್ನು ಮುದುಕ ಮಾಡಿಬಿಟ್ಟನಲ್ಲ!"

ಗುರುಗಳು ಮೆಟ್ಟಿಲುಗಳನ್ನು ನೋಡುತ್ತ ಹೇಳಿದರು: "ಸರಿ, ಇನ್ನು ನನ್ನ ತೋಳು ಬಿಡು."