ಆಚಾರ್ಯರ ತಲೆಯ ಮೇಲಿನ ನಿಂಬೆಹಣ್ಣು

"ಪರಧರ್ಮದ ಹಾಡಿಗೆ ತಲೆದೂಗುವವನು ಅರ್ಧ ಭಕ್ತ, ಪ್ರಭು. ನನ್ನ ತಲೆ ನೋಡಿ, ಎಂದಾದರೂ ಅಲುಗಿದೆಯೆ?" ಎಂದರು ಆಸ್ಥಾನಪಂಡಿತ ವೆಂಗಣಾಚಾರ್ಯರು.

ಕೆಂಪಗಿರಿಯ ದೊರೆ ಗಿರಿಯಪ್ಪನಾಯಕನ ಮುಖ ಸಪ್ಪಗಾಯಿತು. ಹಿಂದಿನ ಸಂಜೆಯಷ್ಟೇ ಅವನು ಮಸ್ತಾನ ಫಕೀರನ ಹಾಡಿಗೆ ತೊಡೆ ತಟ್ಟಿ ತಾಳ ಹಾಕಿದ್ದ. ಕ್ರೈಸ್ತರ ಇಗರ್ಜಿಯ ಇಗ್ನಾಸಮ್ಮ ಹಾಡಿದಾಗ ಕಣ್ಣೊರೆಸಿಕೊಂಡಿದ್ದ. ದೊರೆಗೆ ನಾಚಿಕೆಯಾದರೆ ಶಿಕ್ಷೆ ಬೇರೆ ಯಾರಿಗಾದರೂ ಆಗಲೇಬೇಕಲ್ಲ!

"ಅವರಿಬ್ಬರೂ ಊರು ಬಿಡಲಿ!" ಅಂದುಬಿಟ್ಟ.

ವಿದೂಷಕ ದ್ಯಾವರಸ ಎದ್ದು ಕೈಮುಗಿದ. "ಬಿಡಲಿ, ಪ್ರಭು. ಅದಕ್ಕೆ ಮೊದಲು ಈ ಅಲುಗದ ತಲೆಯನ್ನು ಊರೆಲ್ಲ ನೋಡಲಿ. ಆಚಾರ್ಯರ ರುಮಾಲಿನ ಮೇಲೆ ನಿಂಬೆಹಣ್ಣು ಇಡೋಣ. ಹಾಡು ಮುಗಿಯುವವರೆಗೆ ಅದು ಬೀಳದಿದ್ದರೆ ಅವರಿಬ್ಬರನ್ನೂ ನಾನೇ ಗಡಿ ದಾಟಿಸಿ ಬರುತ್ತೇನೆ."

"ಒಂದೇಕೆ, ಬುಟ್ಟಿ ತುಂಬ ಇಡು!" ಎಂದರು ಆಚಾರ್ಯರು.

ಮರುದಿನ ಅವರು ರುಮಾಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು ಬಂದು, ಕಣ್ಣು ಮುಚ್ಚಿ ಕೂತರು. ದ್ಯಾವರಸ ನಿಂಬೆಹಣ್ಣು ಇಡುವ ನೆಪದಲ್ಲಿ ಬಾಗಿ ಮೆಲ್ಲಗೆ ಹೇಳಿದ: "ಆಚಾರ್ಯರೇ, ನಿಮ್ಮ ಮನೆಗೆ ಬೆಂಕಿ ಬಿದ್ದಿದೆ."

ಆಚಾರ್ಯರು ಮಿಸುಕಲಿಲ್ಲ. ಕಿವಿಯೊಳಗೆ ಹತ್ತಿ ಇದೆ ಎಂದು ದ್ಯಾವರಸನಿಗೆ ಗೊತ್ತಾಯಿತು. ತಮ್ಮ ಜಂಬದ ಮೇಲೆ ಅವರಿಗೇ ಇದ್ದ ನಂಬಿಕೆ ಅಷ್ಟರಮಟ್ಟಿನದು.

ಫಕೀರ ಹಾಡಿದ. ಸಭೆಯೆಲ್ಲ ತೂಗಿತು, ನಿಂಬೆಹಣ್ಣು ಮಾತ್ರ ಅಲುಗಲಿಲ್ಲ. ಇಗ್ನಾಸಮ್ಮ ಹಾಡಿದಳು. ಬಾಗಿಲ ಕಾವಲಿನವರೂ ಮೂಗು ಒರೆಸಿಕೊಂಡರು, ನಿಂಬೆಹಣ್ಣು ಕೂತಲ್ಲೇ ಕೂತಿತ್ತು. ಪಾಪ, ಫಕೀರ ತನ್ನ ಗಂಟು ಕಟ್ಟತೊಡಗಿದ.

ಆಗ ದ್ಯಾವರಸ ಸಭೆಯಲ್ಲಿ ಕೂತಿದ್ದ ದೇವಸ್ಥಾನದ ಹಾಡುಗಾರರಿಗೆ ಕಣ್ಸನ್ನೆ ಮಾಡಿದ. ಅವರು ನರಸಿಂಹದೇವರ ಮಂಗಳಾರತಿ ಪದ ಎತ್ತಿಕೊಂಡರು. ಫಕೀರ ಗಂಟು ಬಿಟ್ಟು ಏಕತಾರಿಯಲ್ಲಿ ಶ್ರುತಿ ಹಿಡಿದ; ಇಗ್ನಾಸಮ್ಮ ದನಿಗೂಡಿಸಿದಳು. ಜಾಗಟೆ ಮೊಳಗಿತು. ದೊರೆಯೂ ಸೇರಿದಂತೆ ಇಡೀ ಸಭೆ ಎದ್ದು ಕೈಮುಗಿಯಿತು. ಕೂತಿದ್ದವರು ಆಚಾರ್ಯರೊಬ್ಬರೇ.

ಪದ ಮುಗಿದ ಮೇಲೆ ದ್ಯಾವರಸ ಅವರ ಭುಜ ತಟ್ಟಿದ. ಆಚಾರ್ಯರು ಕಣ್ಣುಬಿಟ್ಟು, ಎಲ್ಲರೂ ಕೈಮುಗಿದು ನಿಂತದ್ದು ತಮಗೇ ಎಂದುಕೊಂಡರು.

"ನೋಡಿದಿರಾ? ಆ ಕತ್ತೆ ಅರಚಾಟಕ್ಕೆ ನನ್ನ ಒಂದು ಕೂದಲೂ ಅಲುಗಲಿಲ್ಲ!" ಎಂದು ಕಿವುಡರಂತೆ ಕಿರುಚಿದರು.

"ಕತ್ತೆ ಅರಚಾಟವೆ? ಈಗ ಹಾಡಿದ್ದು ನಮ್ಮ ನರಸಿಂಹನ ಮಂಗಳಾರತಿ!" ದೊರೆ ಗುಡುಗಿದ. ಭಟನೊಬ್ಬ ರುಮಾಲು ಕಿತ್ತ; ನಿಂಬೆಹಣ್ಣು ಉರುಳಿತು, ಕಿವಿಯಿಂದ ಹತ್ತಿ ಉದುರಿತು. "ಫಕೀರನೂ ಇಗ್ನಾಸಮ್ಮನೂ ಇಲ್ಲೇ ಇರಲಿ. ಊರು ಬಿಡಬೇಕಾದವರು ಇವರು!"

"ಬೇಡ, ಪ್ರಭು," ಎಂದ ದ್ಯಾವರಸ. "ಫಕೀರ ಒಳಗೆ ಬರಬಾರದೆಂದು ಬಾಗಿಲು ಹಾಕಿಕೊಂಡರು, ಅಷ್ಟೇ. ನರಸಿಂಹನೂ ಅದೇ ಬಾಗಿಲಿಗೆ ಬರುತ್ತಾನೆಂದು ಪಾಪ, ಪಂಡಿತರಿಗೆ ಯಾರು ಹೇಳಿಕೊಟ್ಟಿದ್ದರು?"