ಜವರ ಚುಕ್ಕಿಗೆ ನುಚ್ಚು ಹಾಕಿದ್ದು

ಕೇಳ್ರಪ್ಪ, ನಗು ಬಂದ್ರೆ ತಡ್ಕೊಂಡು ಕೇಳಿ. ಹೊಂಬಾಳಮ್ಮ ಅನ್ನೋಳಿಗೆ ಒಬ್ಬನೇ ಮಗ, ಜವರ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವಳ ತಲೆನೋವು.

ಅವಳ ಅಣ್ಣ ದ್ಯಾವಣ್ಣ ತಂಗಿ ಮನೆ ನಡೀಲಿ ಅಂತ ಚುಕ್ಕಿ ಅನ್ನೋ ಸೀಮೆಹಸು ಕೊಟ್ಟಿದ್ದ. "ಚೆನ್ನಾಗಿ ನೋಡ್ಕೊಂಡ್ರೆ ನಿಂದು. ಸೊರಗಿತೋ, ವಾಪಸ್ ಹೊಡ್ಕೊಂಡು ಹೋಗ್ತೀನಿ" ಅಂದಿದ್ದ. ಚುಕ್ಕಿ ಕರು ಹಾಕಿತು. ಹಾಲು ನೋಡಿದ್ರೆ ಕಮ್ಮಿ, ಅದೂ ನೀರು ನೀರು.

ಡೇರಿ ಸೆಕ್ರೆಟರಿ ಅಂದ, "ಈದ ಹಸುಗೆ ಬರೀ ಹಸಿಹುಲ್ಲು ಸಾಲದು ಕಣಮ್ಮ. ಮೈಯಲ್ಲಿ ಕಸುವಿಲ್ದೆ ಹಾಲೆಲ್ಲಿಂದ ಬರುತ್ತೆ? ಜೋಳದ ನುಚ್ಚು ಹಾಕು."

ಹೊಂಬಾಳಮ್ಮ ಮಗನಿಗೆ ಅಂದ್ಳು, "ಜವರ, ಚುಕ್ಕಿಗೆ ನುಚ್ಚು ಹಾಕೋ."

ಹಾಕಿದ. ಮೂಟೆ ಬಿಚ್ಚಿ ಅಷ್ಟನ್ನೂ ಹಾಕಿದ. ಚುಕ್ಕಿ ಮೂತಿ ಎತ್ತದೆ ತಿಂದು, ಹೊಟ್ಟೆ ಕೆಡಿಸ್ಕೊಂಡು, ಮೆಲುಕು ಬಿಟ್ಟು ಮಲಗಿತು.

"ಅಯ್ಯೋ ನನ್ನ ಕರ್ಮವೇ. ಹಿಡಿ ಹಿಡಿಯಾಗಿ ಕೊಡ್ಬೇಕು ಕಣೋ."

"ಹಂಗೇ ಆಗ್ಲವ್ವ."

ಚುಕ್ಕಿ ಚೇತರಿಸ್ಕೊಂಡಿತು. ಅವ್ವ ಹಾಲು ಕರೆದು, "ಡೇರಿಗೆ ಕೊಟ್ಟು ಬಾ" ಅಂದ್ಳು. ಜವರ ಕೈಯಲ್ಲಿ ಒಂದು ಹಿಡಿ ಹಾಲು ಹಿಡ್ಕೊಂಡು ಹೋದ, ಕೊಟ್ಟ, ಬಂದ. ಇನ್ನೊಂದು ಹಿಡಿ. ಹೋದ, ಕೊಟ್ಟ, ಬಂದ. ಅಷ್ಟರಲ್ಲಿ ಡೇರಿ ಬಾಗಿಲು ಹಾಕಿತು, ಉಳಿದ ಹಾಲು ಮನೇಲೇ ಕೆಟ್ಟು ಹೋಯ್ತು.

"ಲೋ ಪೆದ್ದ, ಎಲ್ಲಾನೂ ಒಂದೇ ಪಾತ್ರೆಗೆ ಸುರಿದು ಒಂದೇ ಸಲಕ್ಕೆ ಮುಗಿಸ್ಬೇಕು ಕಣೋ."

"ಹಂಗೇ ಆಗ್ಲವ್ವ."

ಸಂಜೆ ಚುಕ್ಕಿಗೆ ಮೇವು ಹಾಕು ಅಂದ್ಳು. ಹುಲ್ಲು, ನುಚ್ಚು, ನೀರು ಒಂದೇ ಬಾನಿಗೆ ಸುರಿದ. ಎಲ್ಲಾನೂ ಅಂದಿದ್ದಾಳಲ್ಲ, ಚುಕ್ಕಿ ಕೊರಳ ಹಗ್ಗಾನೂ ಬಿಚ್ಚಿ ಬಾನಿಗೇ ಹಾಕಿದ. ಚುಕ್ಕಿ ಮೂಸಿ ನೋಡಿ, ಮುಖ ತಿರುಗಿಸಿ, ತುಂಬಿದ ಕೆಚ್ಚಲು ಹೊತ್ಕೊಂಡೇ ಊರಾಚೆ ನಡೀತು.

ಹುಡುಕಿ ತಂದು ಕಟ್ಟಿ, ಹೊಂಬಾಳಮ್ಮ ಅತ್ತೇಬಿಟ್ಳು. "ಹಸು ಹೋದ್ರೆ ನಮ್ಮ ಗತಿ ಏನೋ ಮಗನೆ? ಸರಿಯಾಗಿ ಕೇಳು. ಮೊದಲು ಒಣಹುಲ್ಲು. ಅದು ತಿಂದ್ಮೇಲೆ ಒಂದು ಹಿಡಿ ನುಚ್ಚು, ದಿನಾ ಇಷ್ಟಿಷ್ಟೇ ಜಾಸ್ತಿ ಮಾಡು. ಆಮೇಲೆ ಹಾಲು ಕರಿ. ಕರೆಯೋವರೆಗೂ ಹಗ್ಗ ಬಿಚ್ಬೇಡ."

"ಹಂಗೇ ಆಗ್ಲವ್ವ."

ಹಂಗೇ ಮಾಡಿದ. ಹುಲ್ಲು ತಿಂದು ಹಾಲು ಗಟ್ಟಿಯಾಯ್ತು, ನುಚ್ಚು ತಿಂದು ಹಾಲು ಜಾಸ್ತಿಯಾಯ್ತು. ಕಾಯಿಸಿದ್ರೆ ರೊಟ್ಟಿ ಹಂಗೆ ಕೆನೆ.

ಇದು ಗೊತ್ತಿಲ್ದ ದ್ಯಾವಣ್ಣ, ಚುಕ್ಕಿ ಸೊರಗಿದೆ ಅನ್ನೋ ಹಳೇ ಸುದ್ದಿ ಕೇಳಿ, ಹಸು ಹೊಡ್ಕೊಂಡು ಹೋಗೋಕೆ ಅಂತಲೇ ಬಂದ. ಬಂದೋನು ಸುಸ್ತಾಗಿ ಜಗಲಿ ಮೇಲೆ ಕಂಬಕ್ಕೊರಗಿ ನಿದ್ದೆ ಹೋದ. ಹೊಂಬಾಳಮ್ಮ ಹಾಲು ತಗೊಂಡು ಡೇರಿಗೆ ಹೊರಟಳು. "ಜವರ, ಚುಕ್ಕೀನ ನೋಡ್ಕೊಂಡಂಗೇ ಮಾವನ್ನೂ ಚೆನ್ನಾಗಿ ನೋಡ್ಕೋ."

"ಹಂಗೇ ಆಗ್ಲವ್ವ."

ಅವಳು ವಾಪಸ್ ಬಂದಾಗ ಅಣ್ಣನ ಸೊಂಟಕ್ಕೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿತ್ತು. ಮುಂದೆ ಒಂದು ಹೊರೆ ಒಣಹುಲ್ಲು. ಪಕ್ಕದಲ್ಲಿ ನುಚ್ಚು ಹಿಡ್ಕೊಂಡು ಜವರ. "ಮೊದಲು ಹುಲ್ಲು ತಿನ್ನು ಮಾವ, ಇಲ್ದಿದ್ರೆ ಹೊಟ್ಟೆ ಕೆಡುತ್ತೆ."

ಹೊಂಬಾಳಮ್ಮ ಹಣೆ ಚಚ್ಕೊಂಡ್ಳು. ದ್ಯಾವಣ್ಣ ಒಂದು ಗಳಿಗೆ ಕೆಂಡವಾದ. ಆಮೇಲೆ ಕೊಟ್ಟಿಗೆ ಕಡೆ ನೋಡಿದ. ಚುಕ್ಕಿ ಮೈ ತುಂಬ್ಕೊಂಡು ಮೆಲುಕು ಹಾಕ್ತಾ ನಿಂತಿತ್ತು. ನೋಡಿ ನಕ್ಕುಬಿಟ್ಟ.

"ನನಗೇ ಇಷ್ಟು ಉಪಚಾರ ಅಂದ್ರೆ ಹಸುಗೆ ಇನ್ನೆಷ್ಟೋ! ಅದು ಇಲ್ಲೇ ಇರ್ಲಿ ತಂಗಿ, ನಿಂದೇ. ಅಳಿಯ, ಈ ಹಗ್ಗ ಬಿಚ್ಚೋ."

"ಬಿಚ್ಚಂಗಿಲ್ಲ ಮಾವ" ಅಂದ ಜವರ, ಮಂಡಿಗಳ ನಡುವೆ ಚೊಂಬು ಇಟ್ಕೊಂಡು ಕೂರ್ತಾ. "ಇನ್ನೂ ಕರೆದಿಲ್ಲ."