ಹಸಿರು ಚುಕ್ಕೆಗಳ ಹಿಂದೆ

"ಗುರುಗಳೇ, ಎಲ್ಲರನ್ನೂ ಸಮನಾಗಿ ಕಾಣಬೇಕು ಎನ್ನುತ್ತೀರಿ. ಹಾಗೆಂದರೆ ಎಲ್ಲರಿಗೂ ಒಂದೇ ಬಗೆಯದನ್ನು ಕೊಡುವುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಆಸ್ಪತ್ರೆಗಳಿಗೆ ಔಷಧಿ ಕಳಿಸುವ ಒಂದು ಕಂಪನಿ ಇತ್ತು. ಅಲ್ಲಿನವರು ವಾರದಲ್ಲಿ ಕೆಲವು ದಿನ ಕಚೇರಿಗೆ ಬರುತ್ತಿದ್ದರು, ಉಳಿದ ದಿನ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದರು. ಅವರೆಲ್ಲರ ಲ್ಯಾಪ್‌ಟಾಪ್‌ಗಳನ್ನು ನೋಡಿಕೊಳ್ಳುವ ಹೊಣೆ ಈರಣ್ಣ ಎಂಬಾತನದು. ಅವನ ಮುಂದೆ ಒಂದು ದೊಡ್ಡ ಪರದೆ. ಯಾವ ಊರಿನ ಯಾವ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದರೂ ಆ ಪರದೆಯಲ್ಲಿ ಒಂದು ಹಸಿರು ಚುಕ್ಕೆ ಮೂಡುತ್ತಿತ್ತು. ಕೆರೆಯ ಆಚೆ ದಡದಲ್ಲಿ ದೀಪಗಳು ಒಂದೊಂದಾಗಿ ಹೊತ್ತಿಕೊಂಡಂತೆ ಕಾಣುತ್ತಿತ್ತು. ಈರಣ್ಣ ಅದನ್ನು ನೋಡುತ್ತ ಮೈಮರೆಯುತ್ತಿದ್ದ. ಎಲ್ಲರೂ ಕ್ಷೇಮವಾಗಿದ್ದಾರೆ ಎಂದುಕೊಳ್ಳುತ್ತಿದ್ದ.

ಆದರೆ ಒಳಗೆ ಒಂದೊಂದು ಲ್ಯಾಪ್‌ಟಾಪ್ ಒಂದೊಂದು ರೀತಿ ಇತ್ತು. ಒಬ್ಬರದರಲ್ಲಿ ಅಕ್ಷರ ದೊಡ್ಡದು, ಇನ್ನೊಬ್ಬರದರಲ್ಲಿ ಬಣ್ಣ ಬೇರೆ. ಈರಣ್ಣನಿಗೆ ಅದು ಸರಿಕಾಣಲಿಲ್ಲ. ಯಾರಿಗೂ ಹೆಚ್ಚು ಬೇಡ, ಯಾರಿಗೂ ಕಡಿಮೆ ಬೇಡ ಎಂದು ಒಂದು ಮಧ್ಯಾಹ್ನ ಕುಳಿತಲ್ಲಿಂದಲೇ ಎಲ್ಲವನ್ನೂ ಒಂದೇ ತೆರನಾಗಿ ಮಾಡಿದ. ಯಾರೂ ಬದಲಿಸಲಾರದಂತೆ ಬಂದೋಬಸ್ತನ್ನೂ ಮಾಡಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಆ ಹೊತ್ತಿಗೆ ವನಮಾಲಾ ಎಂಬ ಉದ್ಯೋಗಿ ತನ್ನ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಆಸ್ಪತ್ರೆಗಳು ಕೇಳಿದ ಔಷಧಿಯ ಹೆಸರು ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಅವಳ ದೃಷ್ಟಿ ಮೆಲ್ಲಮೆಲ್ಲಗೆ ಮಂಜಾಗುತ್ತಿತ್ತು. ಹೇಳಿದರೆ ಕೆಲಸ ಹೋದೀತೆಂಬ ಭಯದಿಂದ ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಪ್ಪು ಪರದೆಯ ಮೇಲೆ ದೊಡ್ಡ ಬಿಳಿ ಅಕ್ಷರಗಳನ್ನಿಟ್ಟುಕೊಂಡು ಹೇಗೋ ಓದುತ್ತಿದ್ದಳು. ಆ ಮಧ್ಯಾಹ್ನ ಅವಳು ನೋಡುತ್ತಿದ್ದಂತೆಯೇ ಪರದೆ ಬೆಳ್ಳಗಾಯಿತು. ಅಕ್ಷರಗಳು ಸಣ್ಣಗಾಗಿ, ಮಂಜಿನೊಳಗೆ ಹಾರಿಹೋಗುವ ಹಕ್ಕಿಗಳಂತೆ ದೂರ ಸರಿದವು. ಅವಳು ಕೈಚಾಚಿ ಗಾಜನ್ನು ಮುಟ್ಟಿ ನೋಡಿದಳು. ಇದು ಕನಸಿರಬಹುದೇ ಅನ್ನಿಸಿತು.

ಅಂದಿನಿಂದ ಅವಳು ಅರ್ಧ ಓದಿ ಅರ್ಧ ಊಹಿಸಿದಳು. ವಾರಕ್ಕೊಮ್ಮೆ ಈರಣ್ಣನಿಂದ ಪ್ರಶ್ನೆ ಬರುತ್ತಿತ್ತು: 'ನಿಮ್ಮ ಲ್ಯಾಪ್‌ಟಾಪ್ ಸರಿಯಾಗಿದೆಯೇ?' ಅವಳು 'ಹೌದು' ಎಂದು ಒತ್ತುತ್ತಿದ್ದಳು. ಚುಕ್ಕೆ ಹಸಿರಾಗಿಯೇ ಉಳಿಯುತ್ತಿತ್ತು.

ಹೀಗಿರುವಾಗ ಅವಳ ಊಹೆ ತಪ್ಪಿ ಒಂದು ಆಸ್ಪತ್ರೆಗೆ ಕೇಳಿದ್ದು ಬಿಟ್ಟು ಬೇರೆ ಔಷಧಿ ಹೋಯಿತು. ಅಲ್ಲಿನ ನರ್ಸ್ ಗಮನಿಸಿದ್ದರಿಂದ ರೋಗಿ ಬದುಕಿದ. ಮೇಲಿನವರು ವನಮಾಲಾಳನ್ನು ಕೆಲಸದಿಂದ ತೆಗೆದರು.

ಲ್ಯಾಪ್‌ಟಾಪ್ ಹಿಂದಿರುಗಿಸಲು ಅವಳು ಕಚೇರಿಗೆ ಬಂದಳು. ನಿಮ್ಮ ಸ್ವಂತದ ಫೋಟೋ ಗೀಟೋ ಇದ್ದರೆ ತೆಗೆದುಕೊಳ್ಳಿ ಎಂದ ಈರಣ್ಣ. ಅವಳು ಬಗ್ಗಿ ಹುಡುಕತೊಡಗಿದಳು. ಮೂಗು ಪರದೆಗೆ ತಾಗಿತು. ಉಸಿರಿಗೆ ಗಾಜು ಮಸುಕಾಯಿತು. ಈರಣ್ಣ ದಂಗಾಗಿ ನಿಂತ.

"ಮೇಡಂ, ಪ್ರತಿ ವಾರವೂ ಲ್ಯಾಪ್‌ಟಾಪ್ ಸರಿಯಾಗಿದೆ ಎಂದೇ ಹೇಳಿದಿರಲ್ಲ?"

"ಅದು ಸರಿಯಾಗಿಯೇ ಇತ್ತು ಸರ್. ನೀವು ಕೇಳಿದ್ದು ಅದರ ವಿಷಯ" ಎಂದಳು ವನಮಾಲಾ.

ಈರಣ್ಣ ತನ್ನ ಜಾಗಕ್ಕೆ ಮರಳಿದ. ದೊಡ್ಡ ಪರದೆಯಲ್ಲಿ ಚುಕ್ಕೆಗಳು ಎಂದಿನಂತೆ ಮಿನುಗುತ್ತಿದ್ದವು. ಒಂದೊಂದರ ಹಿಂದೆಯೂ ಯಾರೋ ಗಾಜಿಗೆ ಮುಖವೊತ್ತಿ ತನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು. ಅವನಿಗೆ ಕೂರಲಾಗಲಿಲ್ಲ. ಮೇಲಿನವರ ಬಳಿ ಹೋಗಿ, ಆಕೆಯ ಕಣ್ಣಿಗೆ ತಕ್ಕಂತಿದ್ದುದನ್ನು ಕೆಡಿಸಿದವನು ನಾನು, ಶಿಕ್ಷೆಯಾಗಬೇಕಾದ್ದು ನನಗೆ ಎಂದ. ಅವರು ವನಮಾಲಾಳನ್ನು ಮರಳಿ ಕರೆಸಿಕೊಂಡರು. ಅವಳ ದೊಡ್ಡ ಬಿಳಿ ಅಕ್ಷರಗಳು ಕಪ್ಪಿನ ಮೇಲೆ ಮತ್ತೆ ಮೂಡಿದವು.

ಆಮೇಲೆ ಈರಣ್ಣ ಉಳಿದವರಿಗೆಲ್ಲ ಫೋನ್ ಮಾಡಿದ. ಲ್ಯಾಪ್‌ಟಾಪಿನ ಮಾತೆತ್ತಲಿಲ್ಲ. ಕೆಲಸ ಮಾಡುವಾಗ ಎಲ್ಲಿ ಕೂರುತ್ತೀರಿ, ಏನು ತೊಡಕು ಎಂದು ವಿಚಾರಿಸಿದ. ಒಬ್ಬಾತ ಮನೆಯೊಳಗೆ ನೆಟ್‌ವರ್ಕ್ ಸಿಗದೆ ದಿನವಿಡೀ ಮೆಟ್ಟಿಲ ಮೇಲೆ ಕೂರುತ್ತಿದ್ದ. ಒಬ್ಬ ತಾಯಿ ಮಗುವನ್ನು ಒಂದು ತೋಳಲ್ಲಿ ಮಲಗಿಸಿಕೊಂಡು ಇನ್ನೊಂದು ಕೈಯಿಂದಲೇ ಟೈಪ್ ಮಾಡುತ್ತಿದ್ದಳು. ಈರಣ್ಣ ಅವಳಿಗೆ ಬಾಯಲ್ಲಿ ಹೇಳಿದರೆ ಅಕ್ಷರವಾಗುವ ಅನುಕೂಲ ಮಾಡಿಕೊಟ್ಟ. ಹೀಗೆ ಯಾರಿಗೆ ಏನು ಬೇಕೋ ಅದು ಹೋಯಿತು. ಮತ್ತೆ ಒಂದು ಲ್ಯಾಪ್‌ಟಾಪಿನಂತೆ ಇನ್ನೊಂದು ಇರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಕೊನೆಗೂ ಒಬ್ಬೊಬ್ಬರಿಗೆ ಒಂದೊಂದು ಬಗೆ ಆಯಿತು. ಅವನು ಎಲ್ಲರನ್ನೂ ಸಮನಾಗಿ ಕಂಡದ್ದು ಎಲ್ಲಿ, ಗುರುಗಳೇ?"

"ಫೋನ್ ಮಾಡಿ ತೊಡಕೇನೆಂದು ಕೇಳಿದ್ದು ಎಲ್ಲರನ್ನೂ ಅಲ್ಲವೇ?" ಎಂದರು ಗುರುಗಳು.